ಹಿಟ್ಟಿನ ಕೋಳಿಯ ಕೂಗು: ಗಟ್ಟಿ ಎದೆಯ ಓದುಗರಿಗೆ ಯಶೋಧರನ ಕಥೆ

ಕನ್ನಡದ ಜೈನಸಾಹಿತ್ಯವೆಂದೊಡನೆ ಶಾಂತರಸ, ವೈರಾಗ್ಯ, ಭವಾವಳಿ, ಪಂಚಕಲ್ಯಾಣ ಎಂಬ ಪದಗಳು ಸಾಲಾಗಿ ನೆನಪಿಗೆ ಬರುತ್ತವೆ. ಈ ತಿಳಿವಳಿಕೆ ತಪ್ಪಲ್ಲ, ಆದರೆ ಅರ್ಧ ಮಾತ್ರ. ಓದುಗನ ನಿದ್ದೆಗೆಡಿಸುವ, ಹೊಟ್ಟೆ ತೊಳಸುವಂತೆ ಮಾಡುವ, ಕುಟುಂಬ ಮತ್ತು ರಾಜಧರ್ಮಗಳ ಮೇಲಿನ ನಂಬಿಕೆಯನ್ನೇ ಅಲ್ಲಾಡಿಸುವ ಕಥೆಗಳನ್ನು ಹಳಗನ್ನಡದಲ್ಲಿ ಹುಡುಕುವವನು ಮೊದಲು ತೆರೆಯಬೇಕಾದದ್ದು ಜೈನ ಗ್ರಂಥಗಳನ್ನೇ. ಇಂದಿನ ಸಾಹಸಿ ಓದುಗರು ಮರ್ಯಾದೆಯ ಗೆರೆ ದಾಟುವ ಪುಸ್ತಕಗಳನ್ನು ಹೊರಗಿನ ಭಾಷೆಗಳಿಂದ ತರಿಸಿಕೊಂಡು ಓದುತ್ತಾರೆ. ಅಂಥವರ ಮುಂದೆ ಧೈರ್ಯವಾಗಿ ಇಡಬಹುದಾದ ಒಂದು ಕಥೆ ಸಾವಿರ ವರ್ಷಕ್ಕೂ ಹಿಂದಿನಿಂದ ಬೀದರ್ ಸೀಮೆಯ ಸುತ್ತಲಲ್ಲೇ ಬೆಳೆದು ಬಂದಿದೆ. ಅದು ಯಶೋಧರನ ಕಥೆ.

ಭೂಪಟವನ್ನು ಒಮ್ಮೆ ನೋಡಬೇಕು. ಔರಾದ ತಾಲ್ಲೂಕಿನ ಚಿಂತಾಕಿ ಇಂದು ಕರ್ನಾಟಕದ ಉತ್ತರದ ಅಂಚಿನ ಊರು. ರಾಜ್ಯದ ಲೆಕ್ಕದಲ್ಲಿ ಮೂಲೆ, ಸಾಹಿತ್ಯಚರಿತ್ರೆಯ ಲೆಕ್ಕದಲ್ಲಿ ಮಾತ್ರ ನಡುಮನೆ. ಇಲ್ಲಿಂದ ದಕ್ಷಿಣಕ್ಕೆ ರಾಷ್ಟ್ರಕೂಟರ ಮಾನ್ಯಖೇಟ, ಅಂದರೆ ಸೇಡಂ ತಾಲ್ಲೂಕಿನ ಮಳಖೇಡ. ನೈಋತ್ಯಕ್ಕೆ ಚಾಲುಕ್ಯರ ಕಲ್ಯಾಣ. ಪೂರ್ವಕ್ಕೆ ಪಂಪನ ಆಶ್ರಯದಾತ ಅರಿಕೇಸರಿಯ ವೇಮುಲವಾಡ. ವಾಯವ್ಯಕ್ಕೆ ಪರಭಣಿ, ಸೋಮದೇವಸೂರಿಯ ಹೆಸರು ಹೊತ್ತ ತಾಮ್ರಪಟ ದೊರೆತದ್ದು ಅಲ್ಲಿ. ಯಶೋಧರನ ಕಥೆ ಈ ಸೀಮೆಯಲ್ಲಿ ಹುಟ್ಟಿದ್ದಲ್ಲ; 8ನೆಯ ಶತಮಾನದ ಹರಿಭದ್ರಸೂರಿಯ ಪ್ರಾಕೃತ ‘ಸಮರಾಇಚ್ಚಕಹಾ’ದಲ್ಲಿಯೇ ಅದು ಇದೆ. ಆದರೆ ಅದಕ್ಕೆ ಮಹಾಕಾವ್ಯದ ಮೈ ಬಂದದ್ದು, ಅದರ ಭೀಕರತೆಗೆ ತತ್ತ್ವದ ಬೆನ್ನೆಲುಬು ದೊರೆತದ್ದು ಈ ಊರುಗಳ ನಡುವೆ. ಕಮಠಾಣದ ಪಾರ್ಶ್ವನಾಥ ಬಸದಿಯಂಥ ಉಳಿಕೆಗಳನ್ನು ನೋಡಿ ‘ಇಲ್ಲಿಯೂ ಜೈನರಿದ್ದರೇ’ ಎಂದು ಅಚ್ಚರಿಪಡುವವರು ಈ ಗ್ರಂಥಗಳ ಕಡೆಗೂ ಕಣ್ಣು ಹಾಯಿಸಬೇಕು.

ಕಥೆಯನ್ನು ಜನ್ನನ ‘ಯಶೋಧರ ಚರಿತೆ’ಯ ಕ್ರಮದಲ್ಲಿ ಹೇಳುವುದು ಕನ್ನಡ ಓದುಗರಿಗೆ ಅನುಕೂಲ. ರಾಜಪುರದ ಅರಸ ಮಾರಿದತ್ತ ಚಂಡಮಾರಿಯ ಜಾತ್ರೆಯಲ್ಲಿ ಜೀವರಾಶಿಯ ಜೊತೆಗೆ ನರಬಲಿಯನ್ನೂ ಕೊಡಲು ನಿಂತಿದ್ದಾನೆ. ತಳವಾರ ಹಿಡಿದು ತಂದವರು ಇಬ್ಬರು ಎಳೆಯರು: ಅಭಯರುಚಿ ಮತ್ತು ಅಭಯಮತಿ, ಸುದತ್ತಾಚಾರ್ಯರ ಶಿಷ್ಯರು, ಒಡಹುಟ್ಟಿದವರು. ಕತ್ತಿಯ ಕೆಳಗೆ ನಿಂತ ಹುಡುಗ ಅಂಜುವುದಿಲ್ಲ. ಏಕೆಂದು ಅರಸ ಕೇಳಿದಾಗ ತನ್ನ ಹಿಂದಿನ ಜನ್ಮಗಳನ್ನು ಹೇಳತೊಡಗುತ್ತಾನೆ. ತಾನು ಉಜ್ಜಯಿನಿಯ ಅರಸ ಯಶೋಧರನಾಗಿದ್ದವನು. ಪಕ್ಕದಲ್ಲಿ ನಿಂತ ತಂಗಿ ಆಗ ತನ್ನ ತಾಯಿ ಚಂದ್ರಮತಿ.

ಯಶೋಧರನ ಅರಸಿ ಅಮೃತಮತಿ. ಒಂದು ರಾತ್ರಿ ಆನೆಯ ಲಾಯದ ಕಡೆಯಿಂದ ಬಂದ ಹಾಡಿಗೆ ಆಕೆಯ ಮನಸ್ಸು ಸೋಲುತ್ತದೆ. ಹಾಡಿದವನು ಅಷ್ಟಾವಂಕನೆಂಬ ಮಾವುತ, ನೋಡಲಾಗದ ವಿಕಾರರೂಪಿ. ಕಂಡು ಬಂದ ದೂತಿ ಹೇಸಿ ಹೇಳಿದರೂ ಆಕೆಯ ಮನಸ್ಸು ಹಿಂದೆಗೆಯುವುದಿಲ್ಲ. ಇನ್ನೊಂದು ರಾತ್ರಿ ತಡವಾಗಿ ಹೋದದ್ದಕ್ಕೆ ಅವನು ಹೊಡೆಯುತ್ತಾನೆ. ಆಕೆ ಸಹಿಸಿ, ಓಲೈಸುತ್ತಾಳೆ. ಹಿಂದೆಯೇ ಬಂದ ಅರಸ ಕತ್ತಿ ಎತ್ತಿ, ವೈರಿಗಳ ಮೇಲೆ ಎತ್ತಬೇಕಾದ ಕತ್ತಿ ಇದೆಂದು ತಡೆದುಕೊಂಡು ಮರಳುತ್ತಾನೆ. ಮರುದಿನ ತಾಯಿಗೆ ನಡೆದದ್ದನ್ನು ಹೇಳಲಾರದೆ ಕೆಟ್ಟ ಕನಸು ಕಂಡೆನೆನ್ನುತ್ತಾನೆ. ಕನಸಿನ ಶಾಂತಿಗೆ ದೇವಿಗೆ ಪ್ರಾಣಿಬಲಿ ಕೊಡು ಎನ್ನುತ್ತಾಳೆ ತಾಯಿ. ಆತ ಒಪ್ಪುವುದಿಲ್ಲ. ತಾಯಿಯ ಮಾತು ಮೀರಲೂ ಆಗುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಯಾದರೂ ಆಗಲಿ ಎಂಬಲ್ಲಿಗೆ ಇಬ್ಬರೂ ಬಂದು ನಿಲ್ಲುತ್ತಾರೆ. ಬಣ್ಣ ಬಳಿದ ಆ ಹಿಟ್ಟಿನ ರೂಪದ ಚೆಲುವಿಗೆ ಮನಸೋತ ಬೆಂತರವೊಂದು ಅದರೊಳಗೆ ಹೊಕ್ಕಿರುತ್ತದೆ. ಕತ್ತಿ ಬಿದ್ದಾಗ ಕೋಳಿ ಕೂಗುತ್ತದೆ.

ಈ ಕೂಗಿಗೆ ಸಮನಾದ ಭಯಾನಕ ಕ್ಷಣ ಹಳಗನ್ನಡದಲ್ಲಿ ಇನ್ನೊಂದಿರಲಾರದು. ರಕ್ತವಿಲ್ಲ, ಹೆಣವಿಲ್ಲ, ಯುದ್ಧವಿಲ್ಲ. ಇರುವುದು ಮುದ್ದೆಯಾದ ಹಿಟ್ಟು ಮತ್ತು ಒಂದು ದನಿ. ಮುಂದಿನದೆಲ್ಲ ಆ ದನಿಯ ಬೆಲೆ. ಅಮೃತಮತಿ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ತಾಯಿಮಕ್ಕಳು ನವಿಲು, ನಾಯಿ, ಹಾವು, ಮೀನು, ಮೊಸಳೆ, ಆಡು, ಕೋಣ, ಕೋಳಿ ಹೀಗೆ ಹುಟ್ಟಿಹುಟ್ಟಿ ಸಾಯುತ್ತಾರೆ. ಎಷ್ಟೋ ಸಲ ಒಬ್ಬರನ್ನೊಬ್ಬರು ಕೊಂದು. ಮೀನಾಗಿ ಸಿಕ್ಕ ತಂದೆಯನ್ನು ಆ ತಂದೆಯ ಶ್ರಾದ್ಧಕ್ಕೇ ಅಡಿಗೆ ಮಾಡಲಾಗುತ್ತದೆ. ಆಡಿನ ಜನ್ಮದಲ್ಲಿ ಮಗನೇ ತಾಯನ್ನು ಕೂಡಿ, ಆ ಗಳಿಗೆಯಲ್ಲಿಯೇ ಸತ್ತು, ತನ್ನ ಬೀಜದಿಂದ ತಾನೇ ಆಕೆಯ ಬಸಿರಲ್ಲಿ ಮೂಡುತ್ತಾನೆ. ಕಡೆಗೆ ಕೋಳಿಗಳಾಗಿ ಸತ್ತು, ಯಶೋಧರನ ಮಗ ಯಶೋಮತಿಯ ಮಕ್ಕಳಾಗಿ, ಅಂದರೆ ತಮ್ಮ ವಂಶದ ಕುಡಿಗೇ ಕುಡಿಗಳಾಗಿ ಹುಟ್ಟುತ್ತಾರೆ. ಅವರೇ ಅಭಯರುಚಿ, ಅಭಯಮತಿ.

ಇಷ್ಟು ಘೋರವನ್ನು ಒಬ್ಬ ಧಾರ್ಮಿಕ ಕವಿ ಏಕೆ ಬರೆದ? ‘ಪಾಪದ ಭಯ ಹುಟ್ಟಿಸಲು’ ಎಂಬುದು ಸುಲಭದ ಉತ್ತರ. ಆ ಉತ್ತರ ಸಾಲದು. ಭಯವನ್ನೇ ಹುಟ್ಟಿಸಬೇಕಿದ್ದರೆ ನಿಜವಾದ ಕೋಳಿಯನ್ನೋ ಕೋಣನನ್ನೋ ಕಡಿಸಿ ನರಕಕ್ಕೆ ಕಳಿಸಿದ್ದರೆ ಸಾಕಾಗಿತ್ತು. ಕಥೆ ಆರಿಸಿಕೊಂಡದ್ದು ಯಾವ ಜೀವವೂ ಸಾಯದ ಒಂದು ಬಲಿಯನ್ನು. ಜೈನ ಆಚಾರಶಾಸ್ತ್ರವು ದ್ರವ್ಯಹಿಂಸೆ ಮತ್ತು ಭಾವಹಿಂಸೆಗಳನ್ನು ಬೇರೆ ಮಾಡಿ ನೋಡುತ್ತದೆ. ಕಷಾಯದಿಂದ ಕದಡಿದ ಮನಸ್ಸೇ ಹಿಂಸೆಯ ನೆಲೆ. ಹೊರಗೆ ಜೀವ ಸತ್ತರೂ ಸಾಯದಿದ್ದರೂ ಕೊಲ್ಲಲು ಹೊರಟವನು ಮೊದಲು ತನ್ನನ್ನೇ ಘಾತಿಸಿಕೊಂಡಿರುತ್ತಾನೆ ಎಂಬುದು ಅಮೃತಚಂದ್ರಸೂರಿ ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಬೆಳೆಸಿದ ವಿಚಾರ. ಸೂತ್ರವಾಗಿ ಇದನ್ನು ಕೇಳಿದವನು ತಲೆದೂಗಿ ಮುಂದೆ ಹೋಗುತ್ತಾನೆ. ಅದೇ ಸೂತ್ರ ಹಿಟ್ಟಿನೊಳಗಿಂದ ಕೂಗಿದಾಗ ತಲೆದೂಗಲು ಆಗುವುದಿಲ್ಲ. ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಒಂದಾದ ಸಂಸಾರಾನುಪ್ರೇಕ್ಷೆಯೂ ಹಾಗೆಯೇ: ತಂದೆ ಮಗನಾಗುತ್ತಾನೆ, ತಾಯಿ ತಂಗಿಯಾಗುತ್ತಾಳೆ, ಬಂಧುತ್ವಕ್ಕೆ ನೆಲೆಯಿಲ್ಲ ಎಂದು ಭಾವಿಸುವ ಸಾಧನೆ ಅದು. ಆಡಿನ ಜನ್ಮದ ಅಸಹ್ಯ ಪ್ರಸಂಗ ಈ ಭಾವನೆಯನ್ನು ಅಕ್ಷರಶಃ ನಡೆಸಿ ತೋರಿಸುತ್ತದೆ. ಅಸಹ್ಯವನ್ನು ತೆಗೆದರೆ ತತ್ತ್ವವೂ ಅದರ ಜೊತೆಗೇ ಹೋಗುತ್ತದೆ. ಆದುದರಿಂದ ಈ ಕಾವ್ಯದಿಂದ ‘ಸಭ್ಯ’ ಭಾಗಗಳನ್ನು ಮಾತ್ರ ಆಯ್ದು ಕೊಡುವ ಪದ್ಧತಿ ಕಾವ್ಯಕ್ಕೂ ಧರ್ಮಕ್ಕೂ ಏಕಕಾಲಕ್ಕೆ ಮಾಡುವ ಅನ್ಯಾಯ.

ಇನ್ನೊಂದು ಸೂಕ್ಷ್ಮವಿದೆ. ಯಶೋಧರ ಎತ್ತಿದ ಕತ್ತಿಯನ್ನು ಜೀವಂತ ಮನುಷ್ಯರಿಬ್ಬರ ಮೇಲೆ ಬೀಳಿಸದೆ ತಡೆದವನು. ಅದೇ ಮನುಷ್ಯ ಹಿಟ್ಟಿನ ಮೇಲೆ ಬೀಸಿ ಕೆಟ್ಟ. ನಡುವೆ ಬಂದದ್ದೇನು? ಒಂದು ಸುಳ್ಳು ಕನಸು, ಒಂದು ಮುಲಾಜು. ತಾಯಿಯ ಮನಸ್ಸು ನೋಯದಿರಲಿ ಎಂಬ ಒಳ್ಳೆಯತನದಿಂದಲೇ ಆತ ಜಾರುತ್ತಾನೆ. ದುಷ್ಟರ ಕ್ರೌರ್ಯವನ್ನು ಓದುವುದು ಕಷ್ಟವಲ್ಲ. ಒಳ್ಳೆಯವನ ರಾಜಿಯನ್ನು ಓದುವುದು ಕಷ್ಟ.

ಗ್ರಂಥಗಳ ಚರಿತ್ರೆಗೆ ಬಂದರೆ, ಶಕ 881, ಅಂದರೆ ಕ್ರಿ.ಶ. 959 ಒಂದು ವಿಶೇಷ ವರ್ಷ. ಸೋಮದೇವಸೂರಿ ಸಂಸ್ಕೃತದ ‘ಯಶಸ್ತಿಲಕ ಚಂಪು’ವನ್ನು ಆ ವರ್ಷ ಮುಗಿಸಿದ. ರಾಷ್ಟ್ರಕೂಟ ಮೂರನೆಯ ಕೃಷ್ಣ ದಕ್ಷಿಣದ ರಾಜರನ್ನು ಗೆದ್ದು ಮೇಲ್ಪಾಟಿಯಲ್ಲಿ ಬೀಡುಬಿಟ್ಟಿದ್ದಾಗ, ಅವನ ಸಾಮಂತನಾದ ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಮಗನ ಆಳ್ವಿಕೆಯಲ್ಲಿ, ಗಂಗಾಧರವೆಂಬ ಊರಲ್ಲಿ ಕೃತಿ ಮುಗಿಯಿತೆಂದು ಕವಿಯೇ ಹೇಳಿದ್ದಾನೆ. ಈ ಗಂಗಾಧರವನ್ನು ತೆಲಂಗಾಣದ ಕರೀಂನಗರ ಸೀಮೆಯ ಅದೇ ಹೆಸರಿನ ಊರೆಂದು ವಿದ್ವಾಂಸರು ಗುರುತಿಸುತ್ತಾರೆ. ಅದರ ಬಳಿಯ ಬೊಮ್ಮಲಗುಟ್ಟದಲ್ಲೇ ಪಂಪನ ತಮ್ಮ ಜಿನವಲ್ಲಭನ ಪ್ರಸಿದ್ಧ ಶಾಸನವಿರುವುದು. ಅತ್ತ ಮಾನ್ಯಖೇಟದಲ್ಲಿ ಅದೇ ಸಿದ್ಧಾರ್ಥಿ ಸಂವತ್ಸರದಲ್ಲಿ ಪುಷ್ಪದಂತ ಅಪಭ್ರಂಶದ ‘ಮಹಾಪುರಾಣ’ವನ್ನು ಕೈಗೆತ್ತಿಕೊಂಡು 965ರಲ್ಲಿ ಮುಗಿಸಿದ. ಕೃಷ್ಣನ ಮಂತ್ರಿ ಭರತನ ಮಗ ನನ್ನನ ಆಶ್ರಯದಲ್ಲಿ ಅವನೇ ‘ಜಸಹರಚರಿಉ’ ಬರೆದ. 972ರಲ್ಲಿ ಪರಮಾರ ಸೀಯಕನ ದಾಳಿಗೆ ಮಾನ್ಯಖೇಟ ಸೂರೆಹೋಯಿತು. ನಗರ ಬೆಂದಿತು, ಕಥೆ ಉಳಿಯಿತು.

ಸೋಮದೇವನ ಗ್ರಂಥದ ಕಟ್ಟಡವೇ ಕುತೂಹಲಕರ. ಎಂಟು ಆಶ್ವಾಸಗಳಲ್ಲಿ ಮೊದಲ ಐದು ಈ ಭೀಕರ ಕಥೆ. ಉಳಿದ ಮೂರು ‘ಉಪಾಸಕಾಧ್ಯಯನ’, ಗೃಹಸ್ಥನು ಹೇಗೆ ಬದುಕಬೇಕೆಂಬ ಶಾಸ್ತ್ರ. ಕೊಲೆ, ವಿಷ, ವ್ಯಭಿಚಾರ, ನರಬಲಿಗಳ ಬೆನ್ನಿಗೇ ಪೂಜೆ, ದಾನ, ವ್ರತಗಳ ವಿಧಾನ! ಇಂದಿನ ಓದುಗನಿಗೆ ಇದು ವಿಚಿತ್ರವೆನಿಸೀತು. ಸೋಮದೇವನಿಗೆ ಹಾಗೆನಿಸಲಿಲ್ಲ. ಕದಡಿದ ಮನಸ್ಸಿಗೇ ಆಚಾರದ ಮಾತು ಹಿಡಿಸುತ್ತದೆಂಬುದು ಆತನ ಎಣಿಕೆಯಾಗಿರಬೇಕು. ಅಸ್ಸಾಮಿನ ಕೃಷ್ಣಕಾಂತ ಹಂಡಿಕಿಯವರು ಈ ಒಂದು ಗ್ರಂಥದ ಮೇಲೆಯೇ ಬರೆದ ದೊಡ್ಡ ಅಧ್ಯಯನ 1949ರಲ್ಲಿ ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಿಂದ ಪ್ರಕಟವಾಯಿತು. ಸಂಶೋಧಕರು ಅದನ್ನು ಓದದೆ ಈ ಕಥೆಯ ಬಗ್ಗೆ ಬರೆಯಹೊರಡಬಾರದು.

ಪುಷ್ಪದಂತನ ಕೃತಿಗೆ ಇನ್ನೂ ಸ್ವಾರಸ್ಯದ ಪಾಡು ಒದಗಿತು. ವಿಕ್ರಮಶಕ 1365ರಲ್ಲಿ, ಸುಮಾರು ಮೂರೂವರೆ ಶತಮಾನಗಳ ಬಳಿಕ, ಗಂಧರ್ವನೆಂಬ ಕವಿ ಶ್ರಾವಕನೊಬ್ಬನ ಅಪೇಕ್ಷೆಯಂತೆ ಮೂಲದೊಳಗೆ ಕೆಲವು ಭಾಗಗಳನ್ನು ಸೇರಿಸಿ, ಸೇರಿಸಿದ್ದೇನೆಂದು ತಾನೇ ಬರೆದಿಟ್ಟ. ಕೌಲ ಭೈರವಾನಂದನ ಆಗಮನ, ಯಶೋಧರನ ಮದುವೆ, ಜನ್ಮಾಂತರಗಳ ವಿಸ್ತಾರ ಇವು ಆ ಸೇರ್ಪಡೆಗಳು. ಪಿ.ಎಲ್. ವೈದ್ಯರು 1931ರ ಆವೃತ್ತಿಯಲ್ಲಿ ಇವನ್ನು ಬೇರ್ಪಡಿಸಿ ತೋರಿಸಿದರು. ಓದುಗರು ಇಂಥ ಕಥೆಯನ್ನು ತಗ್ಗಿಸಿ ಹೇಳಿ ಎಂದು ಬೇಡಿಕೊಂಡಿರಬೇಕೆಂದು ಊಹಿಸುವವರಿಗೆ ಇದು ಉತ್ತರ: ಆ ಶ್ರಾವಕ ಕೇಳಿದ್ದು ಇನ್ನಷ್ಟನ್ನು.

ಚಾಲುಕ್ಯರ ಕಾಲದಲ್ಲಿ ವಾದಿರಾಜ ಇದೇ ಕಥೆಯನ್ನು ನಾಲ್ಕು ಸರ್ಗಗಳ ಪುಟ್ಟ ಸಂಸ್ಕೃತ ಕಾವ್ಯವಾಗಿ ಇಳಿಸಿದ. ಆತನ ‘ಪಾರ್ಶ್ವನಾಥಚರಿತ’ದ ಕಾಲ ಶಕ 947, ಕ್ರಿ.ಶ. 1025, ಅರಸ ಜಗದೇಕಮಲ್ಲ ಜಯಸಿಂಹ. ಜನ್ನನಿಗೆ ಮಾದರಿಯಾದದ್ದು ವಾದಿರಾಜನ ಕಾವ್ಯ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿಯಾಗಿದ್ದ ಜನ್ನ 1209ರಲ್ಲಿ ನಾಲ್ಕು ಅವತಾರಗಳ, ಹೆಚ್ಚುಕಡಿಮೆ ಪೂರ್ತಿ ಕಂದಪದ್ಯಗಳ ‘ಯಶೋಧರ ಚರಿತೆ’ಯನ್ನು ಕೊಟ್ಟ. ಸೋಮದೇವನಲ್ಲಿ ಮಾರಿದತ್ತನನ್ನು ಬಲಿಗೆ ಪ್ರೇರಿಸುವವನು ಸಿದ್ಧಿಯ ಆಸೆ ತೋರುವ ಕೌಲಾಚಾರ್ಯ. ಜನ್ನನ ಹೊತ್ತಿಗೆ ಅದು ಊರ ದೇವಿಯ ಜಾತ್ರೆ. ಈ ಬದಲಾವಣೆ ಸಣ್ಣದಲ್ಲ. ಹಿಂಸೆ ಯಾರೋ ತಾಂತ್ರಿಕನ ಹುಚ್ಚಾಗಿದ್ದಾಗ ಓದುಗ ದೂರ ನಿಂತು ನೋಡಬಹುದು. ಜಾತ್ರೆಯಾದಾಗ ತಾನೂ ಆ ಗುಂಪಿನಲ್ಲಿರುತ್ತಾನೆ. ಸೋಮದೇವನ ಕೌಲಚಿತ್ರದಲ್ಲಿ ಪರಮತದ ಮೇಲಿನ ವಾದದ ಹುಮ್ಮಸ್ಸು ಎದ್ದು ಕಾಣುತ್ತದೆ, ಅದನ್ನು ಶೈವ ಶಾಕ್ತರ ಚರಿತ್ರೆಗೆ ಸಾಕ್ಷ್ಯವೆಂದು ಹಾಗೆಯೇ ಎತ್ತಿಕೊಳ್ಳುವುದು ಸಲ್ಲದು.

ಈ ಗ್ರಂಥಗಳು ಪಂಡಿತರ ಕಪಾಟಿನಲ್ಲಿ ಮಾತ್ರ ಇದ್ದವೆಂದು ತಿಳಿಯಬಾರದು. ಕರ್ನಾಟಕದ ಜೈನ ಮನೆತನಗಳಲ್ಲಿ ನವರಾತ್ರಿಯ ಅಷ್ಟಮಿಗೆ ಜೀವದಯಾಷ್ಟಮಿಯೆಂಬ ನೋಂಪಿ ನಡೆಯುತ್ತದೆ. ಆ ನೋಂಪಿಯ ಕಥೆ ಯಶೋಧರನದೇ. ಊರಿನ ಇನ್ನೊಂದು ಬೀದಿಯಲ್ಲಿ ದೇವಿಗೆ ಬಲಿ ಬೀಳುತ್ತಿದ್ದ ದಿನಗಳಲ್ಲಿಯೇ ಈ ಬೀದಿಯಲ್ಲಿ ಹೆಂಗಸರು ಮಕ್ಕಳೆಲ್ಲ ಕುಳಿತು ಹಾದರ, ವಿಷ, ಬಲಿ, ತಿರ್ಯಕ್‌ಜನ್ಮಗಳ ಈ ಕಥೆಯನ್ನು ಕೇಳುತ್ತಿದ್ದರು. ಎಳೆಯರ ಕಿವಿಗೆ ಬೀಳಬಾರದೆಂದು ಹಿಂದಿನವರು ಬಾಗಿಲು ಹಾಕಲಿಲ್ಲ. ಇಂದಿನ ಪದವಿ ತರಗತಿಯ ಸಂಕೋಚ ಅವರಿಗಿರಲಿಲ್ಲ.

ಕಥೆಯ ಪ್ರಶ್ನೆ ಹಳೆಯದೂ ಆಗಿಲ್ಲ. ರಾಜ್ಯದ ಪ್ರಾಣಿಬಲಿ ಪ್ರತಿಬಂಧಕ ಕಾಯಿದೆ ಬಂದದ್ದು 1959ರಲ್ಲಿ. ಕಾಕತಾಳೀಯವೆಂಬಂತೆ ಸೋಮದೇವ ಬರೆದು ಮುಗಿಸಿ ಸರಿಯಾಗಿ ಸಾವಿರ ವರ್ಷ. ಕಾಯಿದೆ ತಡೆಯುವುದು ದ್ರವ್ಯಹಿಂಸೆಯನ್ನು. ಆಯುಧಪೂಜೆಯ ದಿನ ಬೂದುಗುಂಬಳಕಾಯಿಯ ಒಳಗೆ ಕುಂಕುಮ ತುಂಬಿ ರಸ್ತೆಗೆ ಒಡೆಯುವಾಗ ಕೆಂಪಗೆ ಹರಿಯುವುದಕ್ಕೆ ಯಾವ ಕಾಯಿದೆಯೂ ಅನ್ವಯಿಸದು, ಅನ್ವಯಿಸಲೂ ಬಾರದು. ಬಲಿಯಿಂದ ಹೊರಬರಲು ಸಮಾಜ ಕಂಡುಕೊಂಡ ಮೆಟ್ಟಿಲು ಅದು ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಕೋಟಿ ಪ್ರಾಣಿಗಳು ಅದರಿಂದ ಉಳಿದಿರಬಹುದು. ಚಂದ್ರಮತಿಯೂ ಇದನ್ನೇ ಹೇಳಿದಳು. ಜನ್ನನ ಕಾವ್ಯ ಆಕೆಯ ಮಾತಿಗೆ ಒಪ್ಪದೆ, ಒಪ್ಪಿದವನನ್ನು ಏಳು ಜನ್ಮ ಅಟ್ಟಿಸಿಕೊಂಡು ಹೋಯಿತು. ಈ ಶಿಕ್ಷೆ ಅತಿಯಾಯಿತೆಂದು ಅನ್ನಿಸದ ಓದುಗ ಕಾವ್ಯವನ್ನು ಸರಿಯಾಗಿ ಓದಿಲ್ಲ.

ಇಷ್ಟರವರೆಗೆ ಕವಿ ಬೇಕೆಂದೇ ಹುಟ್ಟಿಸಿದ ಕಳವಳದ ಮಾತಾಯಿತು. ಆತ ಉದ್ದೇಶಿಸದ ಕಳವಳವೂ ಒಂದಿದೆ. ಅಮೃತಮತಿಯ ಪತನವನ್ನು ಹೇಳುವಾಗ ಈ ಪರಂಪರೆಯ ಕವಿಗಳೆಲ್ಲ ಸ್ತ್ರೀಜಾತಿಯನ್ನೇ ಹಳಿಯಲು ತೊಡಗುತ್ತಾರೆ. ವಿಕಾರ ದೇಹದ, ಕೆಳಗಿನ ಊಳಿಗದ ಮಾವುತನನ್ನು ಹೇಸಿಕೆಯ ಮೂರ್ತಿಯಾಗಿ ಬಣ್ಣಿಸುತ್ತಾರೆ. ಅಹಿಂಸೆಯನ್ನು ಸಾರುವ ಕಾವ್ಯ ಒಬ್ಬ ಮನುಷ್ಯನ ಮೈಯನ್ನು ಕುರಿತು ಇಷ್ಟು ನಿರ್ದಯವಾಗಬಹುದೇ? ಇದನ್ನು ಮುಚ್ಚಿ ಓದಿಸುವುದು ಬೇಡ. ಆದರೂ ಒಂದು ಮಾತು ಹೇಳಬೇಕು: ಹಾಡಿಗೆ ಸೋತು ರೂಪವನ್ನು ಲೆಕ್ಕಿಸದ ಒಲವನ್ನು ಜನ್ನ ಖಂಡಿಸುತ್ತಲೇ ಅರ್ಥಮಾಡಿಕೊಂಡಿದ್ದಾನೆ. ಇಲ್ಲದಿದ್ದರೆ ದೂತಿಗೆ ಅಮೃತಮತಿ ಕೊಡುವ ಉತ್ತರಕ್ಕೆ ಅಷ್ಟು ಬಲ ಬರುತ್ತಿರಲಿಲ್ಲ. ಇದೇ ಕವಿ 1230ರ ‘ಅನಂತನಾಥ ಪುರಾಣ’ದಲ್ಲಿ ಗೆಳೆಯನ ಹೆಂಡತಿ ಸುನಂದೆಯನ್ನು ಕದ್ದೊಯ್ದು, ಆಕೆಯ ಗಂಡನ ಮಾಯಾಶಿರಸ್ಸನ್ನು ತೋರಿಸಿ ಆಕೆಯ ಸಾವಿಗೆ ಕಾರಣನಾಗಿ, ಆ ಚಿತೆಗೆ ತಾನೂ ಬೀಳುವ ಚಂಡಶಾಸನನನ್ನು ಚಿತ್ರಿಸಿದ. ಕಾಮದ ಕುರುಡನ್ನು ಗಂಡಿನಲ್ಲಿಯೂ ಅಷ್ಟೇ ಉಗ್ರವಾಗಿ ಕಂಡವನು ಜನ್ನ. ಎರಡನ್ನೂ ಜೊತೆಗೆ ಓದಿದರೆ ಆತನ ಮೇಲಿನ ತೀರ್ಪು ಸ್ವಲ್ಪ ಬದಲಾದೀತು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ರಾಣಿಯನ್ನೇ ಹುಟ್ಟು ಜೈನಳನ್ನಾಗಿ, ಅರಸನನ್ನು ಆಕೆಗಾಗಿ ಮತಾಂತರಗೊಂಡವನನ್ನಾಗಿ ಮಾಡಿದಾಗ ಅಹಿಂಸೆಯ ಹೊರೆ ಆಕೆಯ ಹೆಗಲಿಗೂ ಬಂತು, ಮೂಲದಲ್ಲಿ ಆಕೆಗೆ ದೊರೆಯದ ಗೌರವ ಅದು.

ಹೊಸಬರು ಎಲ್ಲಿಂದ ಓದು ಮೊದಲುಮಾಡಬೇಕು? ನೇರವಾಗಿ ಯಶೋಧರನಿಂದ ಬೇಡ. 10ನೆಯ ಶತಮಾನದ್ದೆಂದು ಸಾಮಾನ್ಯವಾಗಿ ಎಣಿಸುವ ‘ವಡ್ಡಾರಾಧನೆ’ಯ ಗದ್ಯದಿಂದ ತೊಡಗುವುದು ಲೇಸು; ಡಿ.ಎಲ್. ನರಸಿಂಹಾಚಾರ್ಯರ ಸಂಪಾದನೆ ಇದೆ. ಹತ್ತೊಂಬತ್ತು ಕಥೆಗಳಲ್ಲಿ ಎರಡು ಸಾಕು. ಸುಕುಮಾರಸ್ವಾಮಿಯ ಕಥೆಯಲ್ಲಿ ಧ್ಯಾನಕ್ಕೆ ನಿಂತವನ ಮೈಯನ್ನು ಹೆಣ್ಣುನರಿಯೊಂದು ಮರಿಗಳೊಡನೆ ಕಾಲಿನಿಂದ ತೊಡಗಿ ತಿನ್ನುತ್ತದೆ. ಹಿಂದಿನ ಜನ್ಮದಲ್ಲಿ ಅವನು ಕಾಲಿನಿಂದ ಒದ್ದ ಅತ್ತಿಗೆಯೇ ಆ ನರಿ. ಕಾರ್ತಿಕ ಋಷಿಯ ಕಥೆಯಲ್ಲಿ ಅರಸ ಅಗ್ನಿ ‘ರಾಜ್ಯದ ಶ್ರೇಷ್ಠ ವಸ್ತು ಯಾರದು’ ಎಂದು ಸಭೆಯನ್ನು ಕೇಳಿ, ‘ಅರಸನದು’ ಎಂಬ ಉತ್ತರ ಪಡೆದು, ಮಗಳಾದ ಕೃತ್ತಿಕೆಯನ್ನೇ ಮದುವೆಯಾಗುತ್ತಾನೆ. ಅವಳ ಮಗ ಬೆಳೆದು, ಜೊತೆಯ ಹುಡುಗರಿಗೆಲ್ಲ ತಾಯಿಯ ತವರಿಂದ ಉಡುಗೊರೆ ಬರುವುದನ್ನು ಕಂಡು, ತನ್ನ ಅಜ್ಜ ಎಲ್ಲಿ ಎಂದು ತಾಯಿಯನ್ನು ಕೇಳುತ್ತಾನೆ. ಅಧಿಕಾರದ ಹೊಲಸನ್ನು ಹೇಳಲು ಈ ಒಂದು ಪ್ರಶ್ನೆಗಿಂತ ಹೆಚ್ಚಿನದು ಬೇಕಾಗಿಲ್ಲ.

ಇಷ್ಟನ್ನು ತಡೆದುಕೊಂಡವರು ಜನ್ನನ ನಾಲ್ಕು ಅವತಾರಗಳಿಗೆ ಬರಲಿ. ಆಯ್ದ ಭಾಗ ಬೇಡ, ಪೂರ್ತಿ ಪಠ್ಯ ಬೇಕು. ಕಂದಗಳು ಗಟ್ಟಿಯಾಗಿ ಓದಿದರೆ ಅರ್ಧ ಅರ್ಥ ಬಿಟ್ಟುಕೊಡುತ್ತವೆ. ಒಂದೆರಡು ಸಂಜೆಯಲ್ಲಿ ಮುಗಿಯುವಷ್ಟು ಚಿಕ್ಕ ಕಾವ್ಯ. ಕನ್ನಡ ಬಾರದ ಗೆಳೆಯರಿಗೆ ಟಿ.ಆರ್.ಎಸ್. ಶರ್ಮರ ಇಂಗ್ಲಿಷ್ ಅನುವಾದವನ್ನು ಕೊಡಬಹುದು. ಅಪಭ್ರಂಶ, ಸಂಸ್ಕೃತಗಳಲ್ಲಿ ಗತಿಯುಳ್ಳವರು ಅಲ್ಲಿಂದ ಹಿಂದಕ್ಕೆ ಪುಷ್ಪದಂತನ ಕಡೆಗೆ, ಸೋಮದೇವನ ಕಡೆಗೆ ನಡೆಯಲಿ. ಸೋಮದೇವನ ನಾಲ್ಕನೆಯ ಆಶ್ವಾಸದಲ್ಲಿ ಬಲಿಯ ಮೇಲೆ ತಾಯಿಮಗನ ನಡುವೆ ನಡೆಯುವ ದೀರ್ಘ ವಾದವಿದೆ. ಮಗ ಪ್ರತಿ ಮಾತಿಗೂ ಶಾಸ್ತ್ರದ ಉತ್ತರ ಕೊಡುತ್ತಾನೆ, ವಾದದಲ್ಲಿ ಗೆಲ್ಲುತ್ತಾನೆ, ಆಮೇಲೆ ಹಿಟ್ಟು ಕಲಸಲು ಒಪ್ಪುತ್ತಾನೆ.